ಕರಾವಳಿಯ ಹಿತ್ತಿಲ ತರಕಾರಿ: ಲಕ್ಷಣ ನೋಡಿ ದೋಷ ಗುರುತಿಸುವ ಕೈಪಿಡಿ

ಮಂಗಳೂರು, ಉಡುಪಿ ಕಡೆಯಲ್ಲಿ ಮನೆ ಹಿತ್ತಿಲಿನಲ್ಲೋ ತಾರಸಿಯಲ್ಲೋ ತರಕಾರಿ ಬೆಳೆಯುವವರು ಒಂದೇ ವರ್ಷದಲ್ಲಿ ಎರಡು ವಿರುದ್ಧ ಸ್ಥಿತಿಗಳನ್ನು ಎದುರಿಸಬೇಕಾಗುತ್ತದೆ. ವರ್ಷಕ್ಕೆ 3500 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬಂದು ಮಣ್ಣನ್ನು ತೊಳೆದುಬಿಡುತ್ತದೆ; ಮಾರ್ಚ್ ಬಂತೆಂದರೆ ಅದೇ ಮುರಮಣ್ಣು ಗಟ್ಟಿಯಾಗಿ, ಕಡಲಿಗೆ ಮತ್ತು ಹೊಳೆಬಾಯಿಗೆ ಸಮೀಪದ ಬಾವಿಗಳ ನೀರು ಉಪ್ಪಾಗತೊಡಗುತ್ತದೆ. ಇಲ್ಲಿನ ತರಕಾರಿ ಗಿಡಗಳಲ್ಲಿ ಕಾಣುವ ಬಹಳಷ್ಟು ದೋಷಗಳು ಎಲೆಯಲ್ಲಿ ಕಂಡರೂ ಹುಟ್ಟುವುದು ಬೇರಿನಲ್ಲಿ, ಅದರಲ್ಲೂ ಬೇರಿನ ಸುತ್ತಲಿನ ನೀರಿನಲ್ಲಿ. ಆದ್ದರಿಂದ ಔಷಧದ ಅಂಗಡಿಗೆ ಹೋಗುವ ಮೊದಲು ಮಣ್ಣಿಗೆ ಕೈ ಹಾಕಿ ನೋಡಬೇಕು ಎಂಬ ಕ್ರಮವನ್ನೇ ಈ ಕೈಪಿಡಿ ಆದ್ಯಂತ ಅನುಸರಿಸಿದೆ.

ಯಾವ ಲಕ್ಷಣವೇ ಇರಲಿ, ಮೊದಲು ಮಾಡಬೇಕಾದ ನಾಲ್ಕು ಪರೀಕ್ಷೆಗಳಿಗೆ ಖರ್ಚಿಲ್ಲ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ ತೇವ ನೋಡಿರಿ. ಮೇಲ್ಮಣ್ಣು ಒಣಗಿದ್ದರೂ ಕೆಳಗೆ ಕೆಸರಾಗಿರುವುದು ಇಲ್ಲಿ ಸಾಮಾನ್ಯ. ಚಟ್ಟಿ ಅಥವಾ ಗ್ರೋ ಬ್ಯಾಗ್ ಆಗಿದ್ದರೆ ತಳದ ತೂತಿಗೆ ಕಡ್ಡಿ ಹಾಕಿ, ಅದು ಮಣ್ಣಿನಿಂದಲೋ ಬೇರಿನಿಂದಲೋ ಮುಚ್ಚಿದೆಯೇ ಎಂದು ತಿಳಿಯಿರಿ. ಎಲೆಯನ್ನು ಮಗುಚಿ ಅಡಿಭಾಗವನ್ನು ಬೆಳಗಿನ ಬೆಳಕಿನಲ್ಲಿ ಪರೀಕ್ಷಿಸಿ, ಅನಂತರ ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿರಿ. ಕಣ್ಣಿಗೆ ಕಾಣದ ನುಸಿ, ಎಲೆಯ ರಸ ಹೀರುವ ಸಣ್ಣ ಕೀಟಗಳಾದ ಥ್ರಿಪ್ಸ್‌ಗಳು ಕಾಗದದ ಮೇಲೆ ಚಲಿಸುವ ಚುಕ್ಕೆಗಳಾಗಿ ಕಾಣುತ್ತವೆ. ಕೊನೆಯದಾಗಿ, ಒಂದೇ ತೊಂದರೆಯ ಹಲವು ಗಿಡಗಳಿದ್ದರೆ ಅವುಗಳಲ್ಲಿ ಅತಿ ಕೆಟ್ಟದ್ದನ್ನು ಬೇರುಸಹಿತ ಕಿತ್ತು ತೊಳೆದು ನೋಡಲು ಹಿಂಜರಿಯಬಾರದು. ಒಂದು ಗಿಡ ಹೋದರೂ ಸಾಲು ಉಳಿಯುತ್ತದೆ.

ಎಲೆ ಹಸಿರಾಗಿರುವಾಗಲೇ ಗಿಡ ಬಾಡುವುದು

ಇದು ಕರಾವಳಿಯ ಬದನೆ, ಟೊಮೆಟೊ, ಮೆಣಸಿನ ಬೆಳೆಗಾರರನ್ನು ಅತಿ ಹೆಚ್ಚು ಕಂಗೆಡಿಸುವ ಲಕ್ಷಣ. ಬಾಡುವಿಕೆಗೆ ಕಾರಣಗಳು ಹಲವಿದ್ದು, ಒಂದಕ್ಕೆ ಮಾಡುವ ಉಪಚಾರ ಇನ್ನೊಂದಕ್ಕೆ ಮಾರಕವಾಗುವುದರಿಂದ ಇಲ್ಲಿ ಅವಸರ ಸಲ್ಲದು. ಬಾಡಿದ ಗಿಡ ಕಂಡ ಕೂಡಲೇ ನೀರು ಹೊಯ್ಯುವುದು ಅತಿ ಸಾಮಾನ್ಯ ಪ್ರತಿಕ್ರಿಯೆ. ಬೇರು ಕೊಳೆತ ಗಿಡಕ್ಕೆ ಅದೇ ಕೊನೆಯ ಪೆಟ್ಟು.

ಮೊದಲು ಹೊತ್ತು ಗಮನಿಸಿರಿ. ಸೌತೆ, ಕುಂಬಳ, ಹೀರೆಯಂತಹ ಅಗಲ ಎಲೆಯ ಬಳ್ಳಿಗಳು ಮಧ್ಯಾಹ್ನದ ಬಿಸಿಲಿಗೆ ಸೋತು ಸಂಜೆಗೆ ತಾವಾಗಿಯೇ ಚೇತರಿಸಿಕೊಂಡರೆ ಅದು ರೋಗವಲ್ಲ. ಬುಡಕ್ಕೆ ತರಗೆಲೆ ಅಥವಾ ಮಡಲು ಮುಚ್ಚಿದರೆ ಸಾಕು. ಬೆಳಗ್ಗೆ ಏಳು ಗಂಟೆಗೂ ಬಾಡಿಯೇ ಇದ್ದರೆ ಮಾತ್ರ ಮುಂದಿನ ಪರೀಕ್ಷೆಗೆ ಹೋಗಬೇಕು.

ಎರಡನೆಯದಾಗಿ, ಇಡೀ ಗಿಡ ಬಾಡಿದೆಯೋ ಕುಡಿ ಮಾತ್ರ ಬಾಗಿದೆಯೋ ನೋಡಿರಿ. ಬದನೆಯ ಒಂದೆರಡು ಕುಡಿಗಳು ಮಾತ್ರ ಜೋತು ಬಿದ್ದು ಉಳಿದ ಗಿಡ ನೆಟ್ಟಗಿದ್ದರೆ, ಆ ಕುಡಿಯಲ್ಲಿ ಸಣ್ಣ ತೂತೂ ಹಿಕ್ಕೆಯೂ ಕಾಣಸಿಗುತ್ತವೆ. ಅದು ಕುಡಿ ಮತ್ತು ಕಾಯಿ ಕೊರೆಯುವ ಹುಳುವಿನ ಕೆಲಸ. ಬಾಡಿದ ಭಾಗಕ್ಕಿಂತ ಒಂದು ಅಂಗುಲ ಕೆಳಗೆ ಕತ್ತರಿಸಿ, ಒಳಗಿನ ಹುಳುವನ್ನು ಸಾಯಿಸಿಬಿಟ್ಟರೆ ಪಕ್ಕದಿಂದ ಹೊಸ ಕುಡಿ ಬರುತ್ತದೆ. ವಾರಕ್ಕೊಮ್ಮೆ ಹೀಗೆ ಕತ್ತರಿಸುವ ಶಿಸ್ತಿದ್ದರೆ ಮನೆಮಟ್ಟದ ಬೆಳೆಗೆ ಯಾವ ಸಿಂಪಡಣೆಯೂ ಬೇಕಾಗುವುದಿಲ್ಲ.

ಇಡೀ ಗಿಡ ಬಾಡಿದ್ದು, ಮಣ್ಣಿನಲ್ಲಿ ಹದವಾದ ತೇವ ಇದ್ದರೆ ಗಿಡವನ್ನು ಮೆಲ್ಲಗೆ ಎಳೆಯಿರಿ. ಸಲೀಸಾಗಿ ಕೈಗೆ ಬಂದು ಬೇರು ತಿಂದುಹೋಗಿದ್ದರೆ, ಬುಡದಲ್ಲಿ ಮಣ್ಣಿನ ಗೂಡು ಕಂಡರೆ ಗೆದ್ದಲು ಎಂದು ತಿಳಿಯಬಹುದು. ಅರೆಕೊಳೆತ ಅಡಿಕೆ ಸಿಪ್ಪೆ, ಒಣಕಟ್ಟಿಗೆಯ ತುಂಡುಗಳನ್ನು ಗಿಡದ ಬುಡದಲ್ಲಿ ತುಂಬಿದಲ್ಲಿ ಇದು ಹೆಚ್ಚು. ಬೇರು ಕಂದಾಗಿ, ಮೆತ್ತಗಾಗಿ, ಸಿಪ್ಪೆ ಕಳಚಿ ಬಂದರೆ ನೀರು ನಿಂತು ಕೊಳೆತಿದೆ. ಬೇರಿನ ಮೇಲೆ ಗಂಟುಗಳಿದ್ದರೆ ಅದು ಮಣ್ಣಿನಲ್ಲಿರುವ, ಕಣ್ಣಿಗೆ ಕಾಣದ ಜಂತುಹುಳುವಿನ (ನೆಮಟೋಡ್) ಬಾಧೆ; ಕಡಲಂಚಿನ ಹೊಯಿಗೆ ಮಣ್ಣಿನಲ್ಲಿ ಬೆಂಡೆ, ಬದನೆಗೆ ಇದು ಬರುತ್ತದೆ. ಅಲಸಂಡೆಯ ಬೇರಿನಲ್ಲಿರುವ ಗಂಟುಗಳನ್ನು ಮಾತ್ರ ರೋಗವೆಂದು ಭ್ರಮಿಸಬಾರದು: ಉಜ್ಜಿದರೆ ಬೇರಿನಿಂದ ಬಿಡಿಯಾಗಿ ಉದುರುವ, ಒಡೆದರೆ ಒಳಗೆ ಗುಲಾಬಿ ಬಣ್ಣ ಕಾಣುವ ಆ ಗಂಟುಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಉಪಕಾರಿ ಬ್ಯಾಕ್ಟೀರಿಯಾಗಳ ಮನೆ.

ಬೇರು ಹೊರನೋಟಕ್ಕೆ ಚೆನ್ನಾಗಿಯೇ ಇದ್ದು, ನಿನ್ನೆ ನಳನಳಿಸುತ್ತಿದ್ದ ಗಿಡ ಇಂದು ಎಲೆ ಹಳದಿಯಾಗದೆಯೇ ಕುಸಿದಿದ್ದರೆ ಅನುಮಾನಿಸಬೇಕಾದದ್ದು ಬ್ಯಾಕ್ಟೀರಿಯಾ ಸೊರಗು ರೋಗವನ್ನು. ಇದರ ಪರೀಕ್ಷೆಗೆ ಒಂದು ಗಾಜಿನ ಲೋಟ ಸಾಕು. ಕಾಂಡದ ಬುಡದಿಂದ ಎರಡು ಅಂಗುಲದ ತುಂಡನ್ನು ಕತ್ತರಿಸಿ, ಅದರ ತುದಿ ತಿಳಿನೀರಿಗೆ ತಾಗುವಂತೆ ಅಲುಗಾಡಿಸದೆ ಹಿಡಿಯಿರಿ. ಐದಾರು ನಿಮಿಷಗಳೊಳಗೆ ಕತ್ತರಿಸಿದ ಜಾಗದಿಂದ ಹಾಲಿನಂಥ ಬಿಳಿ ಎಳೆಗಳು ನೀರಿಗಿಳಿದರೆ ರೋಗ ಖಚಿತ. ಎಳೆಗಳು ಬಾರದೆ, ಕಾಂಡವನ್ನು ಸೀಳಿದಾಗ ಒಳಗೆ ಕಂದುಗೆರೆ ಕಂಡು, ಗಿಡ ಕೆಳಗಿನ ಎಲೆಗಳಿಂದ ಹಳದಿಯಾಗುತ್ತ ನಿಧಾನವಾಗಿ ಸೊರಗಿದ್ದರೆ ಅದು ಶಿಲೀಂಧ್ರದಿಂದ ಬರುವ ಸೊರಗು.

ಬ್ಯಾಕ್ಟೀರಿಯಾ ಸೊರಗು ಬಂದ ಗಿಡವನ್ನು ಉಳಿಸುವ ಔಷಧವಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ, ಏಕೆಂದರೆ ಈ ಹಂತದಲ್ಲೇ ಜನರು ಬಗೆಬಗೆಯ ಪುಡಿಗಳಿಗೆ ಹಣ ಸುರಿಯುತ್ತಾರೆ. ಗಿಡವನ್ನು ಬುಡದ ಮಣ್ಣಿನೊಂದಿಗೆ ಕಿತ್ತು ಚೀಲಕ್ಕೆ ಹಾಕಿ ಹೊರಗೊಯ್ದು ಸುಡಬೇಕು. ಗೊಬ್ಬರದ ಗುಂಡಿಗೆ ಹಾಕಿದರೆ ಮುಂದಿನ ವರ್ಷದ ಬೆಳೆಗೂ ರೋಗವನ್ನು ನಾವೇ ಬಡಿಸಿದಂತೆ. ಕತ್ತಿ, ಹಾರೆ, ಕೈಯನ್ನು ಸೋಪಿನಿಂದ ತೊಳೆಯಬೇಕು. ರೋಗ ಹರಿಯುವ ನೀರಿನೊಂದಿಗೆ ಇಳಿಜಾರಿನಲ್ಲಿ ಕೆಳಗಿನ ಗಿಡಗಳಿಗೆ ಸಾಗುವುದರಿಂದ, ಆ ಸಾಲಿನ ನೀರು ಉಳಿದ ಸಾಲಿಗೆ ಹೋಗದಂತೆ ಕಣಿ ತಿರುಗಿಸಬೇಕು. ಆ ಜಾಗದಲ್ಲಿ ಎರಡು ಮೂರು ವರ್ಷ ಬದನೆ, ಟೊಮೆಟೊ, ಮೆಣಸು ನೆಡದೆ ಅಲಸಂಡೆ, ಬಸಳೆ, ಹರಿವೆಗಳನ್ನು ಬೆಳೆಯುವುದು ಒಳಿತು. ಏಪ್ರಿಲ್, ಮೇ ಬಿಸಿಲಿನಲ್ಲಿ ಮಣ್ಣನ್ನು ಒದ್ದೆ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿ ನಾಲ್ಕರಿಂದ ಆರು ವಾರ ಬಿಟ್ಟರೆ ಮೇಲ್ಮಣ್ಣಿನ ರೋಗಾಣುಗಳು ಗಣನೀಯವಾಗಿ ತಗ್ಗುತ್ತವೆ.

2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಮಟ್ಟುಗುಳ್ಳ ಎಂಬ ದುಂಡು ಬದನೆಯನ್ನು ಕಟಪಾಡಿ ಸಮೀಪದ ಮಟ್ಟುವಿನ ಗದ್ದೆಗಳಲ್ಲಿ ಮಳೆಗಾಲದ ಭತ್ತದ ಬಳಿಕ ಬೆಳೆಯುವ ರೂಢಿಯಿದೆ. ತಿಂಗಳುಗಟ್ಟಲೆ ನೀರು ನಿಂತ ಗದ್ದೆಮಣ್ಣಿನಲ್ಲಿ ಇಂಥ ರೋಗಾಣುಗಳ ಬಲ ತಗ್ಗುತ್ತದೆ; ಅಂಗಳದ ಮೂಲೆಯಲ್ಲಿ ವರ್ಷವೂ ಅದೇ ಜಾಗದಲ್ಲಿ ಗುಳ್ಳ ನೆಟ್ಟವರಿಗೆ ಆ ಅನುಕೂಲ ಇರುವುದಿಲ್ಲ. ಸೊರಗು ಮರುಕಳಿಸುವ ಹಿತ್ತಿಲಿಗೆ ರೋಗನಿರೋಧಕ ತಳಿಗಳೇ ದಾರಿ: ಟೊಮೆಟೊದಲ್ಲಿ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್, ಬದನೆಯಲ್ಲಿ ಅರ್ಕಾ ನಿಧಿ, ಅರ್ಕಾ ಕೇಶವ್, ಕೇರಳ ಕೃಷಿ ವಿಶ್ವವಿದ್ಯಾಲಯದ ಸೂರ್ಯ, ಹರಿತ, ಮೆಣಸಿನಲ್ಲಿ ಉಜ್ವಲ. ಗುಳ್ಳವೇ ಬೇಕೆನ್ನುವವರು ಕಾಡುಬದನೆಯಾದ ಕುದನೆ ಗಿಡದ ಬುಡಕ್ಕೆ ಗುಳ್ಳದ ಕುಡಿ ಕಸಿ ಕಟ್ಟಿಸಿಕೊಂಡರೆ, ರೋಗದ ಮಣ್ಣಿನಲ್ಲೂ ಗಿಡ ನಿಲ್ಲುವ ಸಾಧ್ಯತೆ ಬಹಳ ಹೆಚ್ಚು.

ಎಲೆ ಹಳದಿಯಾಗುವುದು

ಎಲೆ ಹಳದಿಯಾಯಿತೆಂದರೆ ಸಾಲದು. ಯಾವ ಎಲೆ, ಎಲೆಯ ಯಾವ ಭಾಗ ಎಂಬುದರಲ್ಲಿ ಉತ್ತರವಿದೆ.

ಕೆಳಗಿನ ಹಳೆಯ ಎಲೆಗಳು ಪೂರ್ತಿಯಾಗಿ ಒಂದೇ ಸಮನೆ ಹಳದಿಯಾಗಿ, ಗಿಡ ಗಿಡ್ಡಗೆ ನಿಂತಿದ್ದರೆ ಸಾರಜನಕ ಕಡಿಮೆಯಾಗಿದೆ. ಆಟಿಯ, ಅಂದರೆ ಜುಲೈ, ಆಗಸ್ಟ್ ಹೊತ್ತಿನ ಮಳೆಯಲ್ಲಿ ಇದು ಆಗಿಯೇ ಆಗುತ್ತದೆ, ಏಕೆಂದರೆ ಒಮ್ಮೆಗೇ ಹಾಕಿದ ಗೊಬ್ಬರದ ಸಾರವೆಲ್ಲ ನೀರಿನೊಂದಿಗೆ ಕಣಿ ಸೇರಿರುತ್ತದೆ. ಆದರೆ ಗೊಬ್ಬರ ಸುರಿಯುವ ಮುನ್ನ ಬೆರಳಿನ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಮಣ್ಣು ಕೆಸರಾಗಿದ್ದರೆ ಬೇರಿಗೆ ಗಾಳಿಯಿಲ್ಲ, ಇರುವ ಸಾರವನ್ನೂ ಅದು ಹೀರಲಾರದು. ಆಗ ಬೇಕಾದದ್ದು ಗೊಬ್ಬರವಲ್ಲ, ನೀರಿಗೆ ದಾರಿ. ಮಳೆಗಾಲದಲ್ಲಿ ಒಂದಡಿ ಎತ್ತರದ ಏರು ಮಾಡಿ ನೆಡುವುದು, ಬೇಸಿಗೆಯಲ್ಲಿ ತಗ್ಗಾದ ಗುಂಡಿಯಲ್ಲಿ ನೆಡುವುದು ಎಂಬ ಹಳೆಯ ಪದ್ಧತಿಯಲ್ಲಿ ಈ ತಿಳಿವಳಿಕೆ ಅಡಗಿದೆ. ನೀರು ಬಸಿಯುತ್ತಿದೆಯೇ ಎಂದು ತಿಳಿಯಲು ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿರಿ. ಅರ್ಧ ದಿನ ಕಳೆದರೂ ನೀರು ನಿಂತಿದ್ದರೆ ಅಲ್ಲಿ ಏರಿಲ್ಲದೆ ತರಕಾರಿ ಸಾಧ್ಯವಿಲ್ಲ. ಗುಡ್ಡ ಜರಿದು ಮಟ್ಟ ಮಾಡಿದ ಹೊಸ ನಿವೇಶನಗಳಲ್ಲಿ ಈ ತೊಂದರೆ ವಿಶೇಷವಾಗಿ ಹೆಚ್ಚು, ಏಕೆಂದರೆ ಅಲ್ಲಿ ಮೇಲೆ ಬಂದಿರುವುದು ಜೀವಸತ್ತ್ವವಿಲ್ಲದ ಅಡಿಮಣ್ಣು. ನೀರಿನ ದಾರಿ ಸರಿಯಿದ್ದು ಸಾರ ಮಾತ್ರ ಕಡಿಮೆಯಿದ್ದರೆ, ಹತ್ತು ಪಾಲು ನೀರಿಗೆ ಒಂದು ಪಾಲು ಗೋಮೂತ್ರವನ್ನೋ, ನೆನೆಸಿ ಕೊಳೆಸಿದ ನೆಲಗಡಲೆ ಹಿಂಡಿಯ ತಿಳಿಯನ್ನು ಅಷ್ಟೇ ತೆಳುಮಾಡಿಯೋ ಹತ್ತು ದಿನಕ್ಕೊಮ್ಮೆ ಕೊಡುವುದು, ತಿಂಗಳಿಗೊಮ್ಮೆ ಬುಟ್ಟಿಗಟ್ಟಲೆ ಹಟ್ಟಿಗೊಬ್ಬರ ಹಾಕುವುದಕ್ಕಿಂತ ಮಳೆಗಾಲಕ್ಕೆ ಹೊಂದುತ್ತದೆ. ಗ್ರೋ ಬ್ಯಾಗಿನ ತಳಕ್ಕೆ ಒಣ ತರಗೆಲೆ ಗಿಡಿದು ತುಂಬಿದವರ ಗಿಡಗಳೂ ಮೊದಲ ತಿಂಗಳುಗಳಲ್ಲಿ ಹೀಗೆಯೇ ಹಳದಿಯಾಗುತ್ತವೆ; ಎಲೆ ಕೊಳೆಯಲು ಬೇಕಾದ ಸಾರಜನಕವನ್ನು ಸೂಕ್ಷ್ಮಜೀವಿಗಳು ಮಣ್ಣಿನಿಂದಲೇ ಎಳೆದುಕೊಳ್ಳುವುದು ಇದಕ್ಕೆ ಕಾರಣ.

ಹಳೆಯ ಎಲೆಗಳಲ್ಲಿ ನರ ಹಸಿರಾಗಿಯೇ ಉಳಿದು ನರಗಳ ನಡುವೆ ಹಳದಿಯಾದರೆ ಮೆಗ್ನೀಸಿಯಮ್ ಕೊರತೆ. ಕರಾವಳಿಯ ಮುರಮಣ್ಣು ಹುಳಿ ಮಣ್ಣು; ರಸಸಾರ, ಅಂದರೆ ಪಿಎಚ್, 5ರಿಂದ 5.5ರ ಆಸುಪಾಸಿನಲ್ಲಿರುವುದು ಇಲ್ಲಿ ಸಾಮಾನ್ಯವಾಗಿದ್ದು, ಸುಣ್ಣಾಂಶವೂ ಮೆಗ್ನೀಸಿಯಮ್ಮೂ ತೊಳೆದುಹೋಗಿರುತ್ತವೆ. ಸೆಂಟ್ಸಿಗೆ (ಎಕರೆಯ ನೂರರಲ್ಲೊಂದು ಪಾಲು) ಎರಡು ಮೂರು ಕಿಲೊ ಕೃಷಿ ಸುಣ್ಣವನ್ನೋ, ಮೆಗ್ನೀಸಿಯಮ್ ಕೂಡ ಇರುವ ಡೋಲೊಮೈಟನ್ನೋ ಬಿತ್ತನೆಗೆ ಎರಡು ವಾರ ಮೊದಲು ಮಣ್ಣಿಗೆ ಬೆರೆಸಬೇಕು. ಸುಣ್ಣವನ್ನು ಹಸಿ ಸೆಗಣಿಯೊಂದಿಗಾಗಲಿ ಯೂರಿಯಾದೊಂದಿಗಾಗಲಿ ಒಟ್ಟಿಗೆ ಹಾಕಿದರೆ ಸಾರಜನಕವೆಲ್ಲ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಸುಣ್ಣ ಎರಚುವಾಗ ಕಣ್ಣು, ಮೂಗು ಮುಚ್ಚಿಕೊಳ್ಳುವುದು ಅವಶ್ಯ.

ಹೊಸ ಚಿಗುರೇ ಬಿಳಿಚಿಕೊಂಡು ನರ ಮಾತ್ರ ಹಸಿರಾಗಿದ್ದರೆ ಪುಸ್ತಕಗಳು ಕಬ್ಬಿಣದ ಕೊರತೆ ಎನ್ನುತ್ತವೆ. ಆದರೆ ಕೆಂಪು ಮುರಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಇಲ್ಲಿ ಈ ಲಕ್ಷಣ ಕಂಡರೆ ಬೇರು ಉಸಿರುಗಟ್ಟಿದೆಯೇ, ಅಥವಾ ಬಚ್ಚಲೊಲೆಯ ಬೂದಿಯನ್ನು ದಿನವೂ ಒಂದೇ ಬುಡಕ್ಕೆ ಸುರಿಯಲಾಗಿದೆಯೇ ಎಂದು ಮೊದಲು ವಿಚಾರಿಸಬೇಕು. ಬೂದಿ ಒಳ್ಳೆಯದೇ, ಆದರೆ ಅದೂ ಸುಣ್ಣದಂತೆ ಹುಳಿ ತಗ್ಗಿಸುವ ವಸ್ತು. ಒಂದು ಬುಡಕ್ಕೆ ತಿಂಗಳಿಗೆ ಒಂದು ಹಿಡಿಗಿಂತ ಹೆಚ್ಚು ಬೇಡ.

ಬೆಂಡೆಯಲ್ಲಿ ಮಾತ್ರ ಇದಕ್ಕೆ ತದ್ವಿರುದ್ಧವಾದ ಚಿತ್ರ ಕಾಣುತ್ತದೆ: ಮೊದಲು ನರಗಳೇ ಹಳದಿ ಬಲೆಯಂತೆ ಹೊಳೆದು, ನಡುವಿನ ಭಾಗ ಹಸಿರಾಗಿರುತ್ತದೆ. ಇದು ಬಿಳಿನೊಣ ಹರಡುವ ಹಳದಿ ನಂಜು ರೋಗ, ವೈರಸ್ಸಿನದು, ಗುಣವಾಗದು. ಒಂದೆರಡು ಗಿಡಗಳಲ್ಲಿರುವಾಗಲೇ ಕಿತ್ತುಬಿಟ್ಟು, ಉಳಿದವುಗಳ ನಡುವೆ ಹಳದಿ ಅಂಟುಹಾಳೆ ತೂಗುಹಾಕಿ ಬಿಳಿನೊಣದ ಸಂಖ್ಯೆ ತಗ್ಗಿಸಬೇಕು. ನಮ್ಮ ಊರಿನ ಹಾಲುಬೆಂಡೆಯ ಕಾಯಿ ಹುಟ್ಟಿನಿಂದಲೇ ಬಿಳಿಚಾಗಿರುವುದರಿಂದ, ಕಾಯಿಯ ಬಣ್ಣ ನೋಡಿ ನಂಜೆಂದು ತೀರ್ಮಾನಿಸಬಾರದು. ಎಲೆಯ ನರ ನೋಡಬೇಕು.

ಎಲೆಯ ಅಂಚು ಸುಟ್ಟಂತೆ ಒಣಗುವುದು

ಮಾರ್ಚ್ ಕಳೆದ ಮೇಲೆ ಅಲಸಂಡೆ, ಬೀನ್ಸ್, ಮೆಣಸಿನ ಎಲೆಯಂಚು ಕಂದಾಗಿ, ಮಣ್ಣಿನ ಮೇಲೆ ಅಥವಾ ಚಟ್ಟಿಯ ಹೊರಮೈಯಲ್ಲಿ ಬಿಳಿ ಪದರ ಕಟ್ಟಿದ್ದರೆ ಉಪ್ಪಿನ ಸಂದೇಹ ಬಲವಾಗುತ್ತದೆ. ನೇತ್ರಾವತಿ, ಫಲ್ಗುಣಿ, ಉದ್ಯಾವರ ಹೊಳೆ, ಸುವರ್ಣಾ, ಸೀತಾ ನದಿಗಳ ಅಳಿವೆಗೆ ಹತ್ತಿರದ ಬಾವಿಗಳನ್ನು ಬೇಸಿಗೆಯ ಕೊನೆಯಲ್ಲಿ ನಂಬುವಂತಿಲ್ಲ. ನಾಲಿಗೆಗೆ ಉಪ್ಪು ತಿಳಿಯುವ ಹೊತ್ತಿಗೆ ಗಿಡಕ್ಕೆ ಹಾನಿ ಆಗಿರುತ್ತದೆ, ಆದ್ದರಿಂದ ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ, ಕೆಲವು ನೂರು ರೂಪಾಯಿಗೆ ಸಿಗುವ ಟಿಡಿಎಸ್ ಮೀಟರಿನಲ್ಲಿ ನೋಡುವುದು ಮೇಲು. ಲೀಟರಿಗೆ 450 ಮಿಲಿಗ್ರಾಮಿಗಿಂತ ಕಡಿಮೆ ಇದ್ದರೆ ಆತಂಕವಿಲ್ಲ; ಅದಕ್ಕಿಂತ ಮೇಲೇರಿದಂತೆ ಬೀನ್ಸ್‌ನಂಥ ಸೂಕ್ಷ್ಮ ಬೆಳೆ ಮೊದಲು ನರಳುತ್ತದೆ; 2000 ದಾಟಿದ ನೀರನ್ನು ತರಕಾರಿಗೆ ಹಾಕಲೇಬಾರದು.

ಬಾವಿಯ ನೀರು ಚೆನ್ನಾಗಿದ್ದೂ ಅಂಚು ಸುಡುತ್ತಿದ್ದರೆ ಮನೆಯೊಳಗಿನ ಎರಡು ಕಾರಣಗಳನ್ನು ನೋಡಿರಿ. ತೊಳೆಯದ ತೆಂಗಿನ ನಾರಿನ ಪುಡಿಯಲ್ಲಿ ಉಪ್ಪಿನಂಶವಿರುತ್ತದೆ. ಅದನ್ನು ನೀರಿನಲ್ಲಿ ನೆನೆಸಿ, ಆ ನೀರನ್ನು ಚೆಲ್ಲಿ, ಹೀಗೆ ಎರಡು ಮೂರು ಸಲ ಮಾಡಿದ ಬಳಿಕವೇ ಬಳಸಬೇಕು. ಇನ್ನೊಂದು, ಮೀನು ತೊಳೆದ ನೀರು. ಹಸಿ ಮೀನು ತೊಳೆದ ನೀರನ್ನು ತೆಳುಮಾಡಿ ಹಾಕಿದರೆ ಗೊಬ್ಬರವೇ, ಆದರೆ ಒಣಮೀನು ತೊಳೆದ ನೀರು ಗಿಡಕ್ಕೆ ಉಪ್ಪುನೀರೇ ಆಗುತ್ತದೆ. ಉಪ್ಪು ಸೇರಿದ ಚಟ್ಟಿಗೆ ಒಳ್ಳೆಯ ನೀರನ್ನು ತಳದಿಂದ ಧಾರಾಳವಾಗಿ ಹರಿದುಹೋಗುವಷ್ಟು ಹಾಕಿ ತೊಳೆಯುವುದೊಂದೇ ಪರಿಹಾರ. ನೆಲದ ಉಪ್ಪನ್ನು ಜೂನ್‌ನ ಮಳೆ ತೊಳೆದುಕೊಡುತ್ತದೆ.

ಬಿತ್ತಿದ್ದು ಮೊಳೆಯದಿರುವುದು, ಮೊಳೆತದ್ದು ಬಿದ್ದುಹೋಗುವುದು

ಬೀಜ ಹಳೆಯದೋ ಎಂದು ತಿಳಿಯಲು ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿರಿ. ವಾರದೊಳಗೆ ಆರಕ್ಕಿಂತ ಕಡಿಮೆ ಮೊಳೆತರೆ ಬೀಜ ಬದಲಿಸಿರಿ. ಹಾಗಲ, ಪಡುವಲದ ಗಟ್ಟಿ ಸಿಪ್ಪೆಯ ಬೀಜಗಳು ಒಂದು ರಾತ್ರಿ ನೀರಿನಲ್ಲಿ ನೆನೆಯದೆ ನಿಧಾನವಾಗುತ್ತವೆ, ಅದನ್ನು ದೋಷವೆನ್ನಲಾಗದು.

ಮೊಳೆತ ಸಸಿಗಳು ಮಣ್ಣಿನ ಮಟ್ಟದಲ್ಲಿ ದಾರದಂತೆ ಸಪೂರವಾಗಿ ಒರಗಿ ಬಿದ್ದರೆ ಸಸಿ ಕೊಳೆ ರೋಗ. ಒತ್ತಾಗಿ ಬಿತ್ತಿದ್ದು, ಸಂಜೆ ನೀರು ಹಾಕಿದ್ದು, ಗಾಳಿಯಾಡದ ಜಾಗ, ಈ ಮೂರೂ ಸೇರಿದಲ್ಲಿ ಅದು ಒಂದೇ ರಾತ್ರಿಯಲ್ಲಿ ಮಡಿಯನ್ನೇ ಮುಗಿಸುತ್ತದೆ. ಬಿದ್ದ ಸಸಿಗಳನ್ನು ಮಣ್ಣಿನೊಂದಿಗೆ ತೆಗೆದು, ಉಳಿದವನ್ನು ವಿರಳಗೊಳಿಸಿ, ಬೆಳಗ್ಗೆ ಮಾತ್ರ ನೀರು ಚಿಮುಕಿಸಿರಿ. ಮುಂದಿನ ಮಡಿಗೆ ಸುಡುಮಣ್ಣು ಬಳಸುವುದು ಉತ್ತಮ. ಮಣ್ಣನ್ನು ತರಗೆಲೆಯೊಂದಿಗೆ ಸುಡುವ ನಮ್ಮ ಹಿರಿಯರ ಕ್ರಮದಲ್ಲಿ ರೋಗಾಣುವೂ ಕಳೆಬೀಜವೂ ಸಾಯುತ್ತವೆ. ಸಸಿ ಕೊಳೆತು ಬೀಳದೆ ತುಂಡಾಗಿ ಕತ್ತರಿಸಿಹೋಗಿದ್ದರೆ ಅದು ರೋಗವಲ್ಲ, ನವಿಲು ಅಥವಾ ಬಸವನಹುಳು. ಒಂದಕ್ಕೆ ಬಲೆ ಬೇಕು, ಇನ್ನೊಂದಕ್ಕೆ ರಾತ್ರಿಯ ಟಾರ್ಚು.

ಹೂ ಬಿಟ್ಟರೂ ಕಾಯಿ ಕಚ್ಚದಿರುವುದು

ಸೌತೆ, ಹೀರೆ, ಪಡುವಲ, ಹಾಗಲ ಬಳ್ಳಿಗಳಲ್ಲಿ ಮೊದಲ ಎರಡು ವಾರ ಬರುವುದು ಬಹುಪಾಲು ಗಂಡು ಹೂಗಳೇ. ಅವು ಉದುರುವುದು ಸಹಜ. ಹೂವಿನ ಹಿಂದೆ ಎಳೆಗಾಯಿ ಇದ್ದರೆ ಅದು ಹೆಣ್ಣು. ಆ ಎಳೆಗಾಯಿಯೇ ಹಳದಿಯಾಗಿ ಒಣಗಿದರೆ ಪರಾಗ ಮುಟ್ಟಿಲ್ಲ ಎಂದರ್ಥ. ಎಡೆಬಿಡದ ಮಳೆಯಲ್ಲಿ ಪರಾಗ ತೊಳೆದುಹೋಗುತ್ತದೆ, ತುಡುವೆ, ಮುಜಂಟಿ ಜೇನುಗಳು ಗೂಡಿನಿಂದ ಹೊರಡುವುದಿಲ್ಲ. ಆಗ ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಉಜ್ಜಬೇಕು. ಹೊತ್ತು ಮಾತ್ರ ತಪ್ಪಬಾರದು: ಮುಳ್ಳುಸೌತೆ, ಹಾಗಲ, ಸಿಹಿಗುಂಬಳ ಅರಳುವುದು ಬೆಳಗ್ಗೆ, ಹೀರೆ, ಪಡುವಲ, ಸೋರೆ ಅರಳುವುದು ಸಂಜೆ. ಬೆಳಗ್ಗೆ ಹೀರೆಯ ಹೂ ಹಿಡಿದು ಉಜ್ಜಿದರೆ ಫಲವಿಲ್ಲ.

ಬಳ್ಳಿ ಕಡುಹಸಿರಾಗಿ ಸೊಕ್ಕಿ ಬೆಳೆದು ಹೂವೇ ಇಲ್ಲದಿದ್ದರೆ ಸಾರಜನಕ ಹೆಚ್ಚಾಗಿದೆ ಅಥವಾ ತೆಂಗಿನ ನೆರಳು ಬಿದ್ದಿದೆ. ಹಿಂಡಿ ನೀರು ನಿಲ್ಲಿಸಿ, ಕುಡಿ ಚಿವುಟಿ, ದಿನಕ್ಕೆ ಆರು ಗಂಟೆಯ ಬಿಸಿಲು ಸಿಗುತ್ತಿದೆಯೇ ಎಂದು ನೋಡಿರಿ. ಟೊಮೆಟೊ ಹೂ ಉದುರುವುದಕ್ಕೆ ಬಹುಮಟ್ಟಿಗೆ ನಮ್ಮ ಸೆಕೆಯ ರಾತ್ರಿಗಳೇ ಕಾರಣ. ಅದನ್ನು ದೀಪಾವಳಿಯ ಹೊತ್ತಿಗೆ ನೆಟ್ಟು ಚಳಿಯ ತಿಂಗಳುಗಳಲ್ಲಿ ಕಾಯಿ ಕಚ್ಚುವಂತೆ ಮಾಡುವುದೊಂದೇ ಸರಿಯಾದ ಉಪಾಯ, ಹಾರ್ಮೋನ್ ಸಿಂಪಡಣೆ ಮನೆಬಳಕೆಗೆ ಬೇಡ.

ಕಾಯಿ ಸೊಟ್ಟಾಗಿ, ಹುಳವಾಗಿ ಕೊಳೆಯುವುದು

ಹಾಗಲ, ಹೀರೆ, ಸೌತೆಯ ಎಳೆಗಾಯಿಯಲ್ಲಿ ಸೂಜಿ ಚುಚ್ಚಿದಂಥ ಗುರುತು, ಅದರಿಂದ ಅಂಟು ಒಸರುವುದು, ಆಮೇಲೆ ಕಾಯಿ ಬಾಗಿ ಹಳದಿಯಾಗಿ ಒಳಗೆ ಬಿಳಿ ಹುಳ ಕಾಣುವುದು ಹಣ್ಣುನೊಣದ ಲಕ್ಷಣ. ಹುಳ ಒಳಗಿರುವುದರಿಂದ ಕಾಯಿಯ ಮೇಲೆ ಏನು ಸಿಂಪಡಿಸಿದರೂ ವ್ಯರ್ಥ. ಕೈಬೆರಳಿನುದ್ದ ಆಗುವಾಗಲೇ ಕಾಯಿಗೆ ಕಾಗದದ ಅಥವಾ ಹಳೆ ಬಟ್ಟೆಯ ಚೀಲ ತೊಡಿಸುವುದು ಅತಿ ಅಗ್ಗದ, ಅತಿ ಖಚಿತ ಕ್ರಮ. ಬಿದ್ದ ಕಾಯಿಗಳನ್ನು ಬಳ್ಳಿಯ ಬುಡದಲ್ಲಿ ಬಿಟ್ಟರೆ ಅವುಗಳ ಹುಳ ಮಣ್ಣಿಗಿಳಿದು ಮತ್ತೆ ನೊಣವಾಗಿ ಏಳುತ್ತದೆ. ದಿನವೂ ಹೆಕ್ಕಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಿಸಿಲಿನಲ್ಲಿಡಬೇಕು ಅಥವಾ ಎರಡಡಿ ಆಳಕ್ಕೆ ಹೂಳಬೇಕು. ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವ ಮೋಹಕ ಬಲೆ ಕೊಳ್ಳುವವರು ಗಮನಿಸಬೇಕಾದ ವ್ಯತ್ಯಾಸವೊಂದಿದೆ: ಮಾವಿನ ನೊಣಕ್ಕೆ ಬಳಸುವ ಮೀಥೈಲ್ ಯೂಜಿನಾಲ್‌ಗೆ ಬಳ್ಳಿ ತರಕಾರಿಯ ನೊಣ ಬರುವುದಿಲ್ಲ, ಅದಕ್ಕೆ ಕ್ಯೂ ಲ್ಯೂರ್ ಎಂದೇ ಕೇಳಿ ತರಬೇಕು. ಬಲೆಯಲ್ಲಿ ಬೀಳುವುದು ಗಂಡು ನೊಣ ಮಾತ್ರ, ಆದ್ದರಿಂದ ಬಲೆಯಿದ್ದರೂ ಚೀಲ ತೊಡಿಸುವುದನ್ನು ಬಿಡಬಾರದು.

ಇಲ್ಲೊಂದು ಎಚ್ಚರಿಕೆ. ನೀರಿನ ಕೊರತೆ, ಅತಿ ಬಿಸಿಲಿಗೆ ಸಿಕ್ಕಿದ ಬಳ್ಳಿಗಳ ಅಥವಾ ತಾನಾಗಿ ಹುಟ್ಟಿದ ಬಳ್ಳಿಗಳ ಸೌತೆ, ಸೋರೆ, ಹೀರೆಕಾಯಿಗಳು ಕೆಲವೊಮ್ಮೆ ವಿಪರೀತ ಕಹಿಯಾಗಿರುತ್ತವೆ. ಆ ಕಹಿ ವಿಷಕಾರಿ, ಬೇಯಿಸಿದರೂ ಹೋಗುವುದಿಲ್ಲ. ಚೂರು ಕಚ್ಚಿ ನೋಡಿ ಅಸಹಜ ಕಹಿಯಿದ್ದರೆ ಉಗಿದು ಇಡೀ ಕಾಯಿಯನ್ನು ಎಸೆಯಬೇಕು. ತಿಂದ ಬಳಿಕ ವಾಂತಿ, ಹೊಟ್ಟೆನೋವು, ಭೇದಿ ಕಂಡರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಎಲೆ ಮುದುಡುವುದು, ಚುಕ್ಕೆ, ತೂತು

ಮೆಣಸಿನ ಎಲೆ ಅಂಚಿನಿಂದ ಮೇಲಕ್ಕೆ ದೋಣಿಯಾಕಾರದಲ್ಲಿ ಮಡಚಿದರೆ ಥ್ರಿಪ್ಸ್, ಕೆಳಕ್ಕೆ ಮಡಚಿದರೆ ನುಸಿ. ಅಲಸಂಡೆಯ ಕುಡಿಗೆ ಕಪ್ಪು ಹೇನು ಮುತ್ತಿದ್ದು ಇರುವೆಗಳ ಸಾಲು ಕಂಡರೆ, ಮೊದಲು ಪೈಪಿನ ನೀರಿನ ರಭಸದಿಂದ ತೊಳೆಯಿರಿ. ಎರಡು ದಿನ ಹೀಗೆ ಮಾಡಿದರೆ ಅರ್ಧ ಕೆಲಸ ಮುಗಿಯುತ್ತದೆ. ಉಳಿದವಕ್ಕೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ನೀರಿನಲ್ಲಿ ಕದಡಿ, ಒಂದು ಎಲೆಗೆ ಹಾಕಿ ಒಂದು ದಿನ ಕಾದು, ಸುಡದಿದ್ದರೆ ಸಂಜೆ ಎಲೆಯ ಅಡಿಗೆ ತಾಗುವಂತೆ ಸಿಂಪಡಿಸಬಹುದು.

ಬಸಳೆಯಲ್ಲಿ ಕೆಂಪು ಅಂಚಿನ ದುಂಡು ಚುಕ್ಕೆಗಳು ಮಳೆಗಾಲದಲ್ಲಿ ಎಲ್ಲರ ಚಪ್ಪರದಲ್ಲೂ ಬರುತ್ತವೆ. ಚುಕ್ಕೆಯ ಎಲೆಗಳನ್ನು ಕಿತ್ತು, ಬಳ್ಳಿ ವಿರಳಗೊಳಿಸಿ, ನೀರನ್ನು ಎಲೆಗೆ ತಾಗಿಸದೆ ಬುಡಕ್ಕೆ ಹಾಕಿದರೆ ಹೊಸ ಚಿಗುರು ಶುಚಿಯಾಗಿ ಬರುತ್ತದೆ. ಕೆಂಪು ಹರಿವೆಗೆ ಚುಕ್ಕೆ ಬೇಗ ತಗಲುವುದರಿಂದ ಮಳೆಗಾಲದಲ್ಲಿ ಅದರೊಂದಿಗೆ ಹಸಿರು ಹರಿವೆಯನ್ನು ಬೆರೆಸಿ ಬಿತ್ತುವುದು ಒಳ್ಳೆಯದು. ಅಡಿಕೆಗೆಂದು ಮನೆಯಲ್ಲಿ ತಯಾರಿಸಿದ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ (ಮೈಲುತುತ್ತು, ಸುಣ್ಣದ ಮಿಶ್ರಣ) ಮಿಕ್ಕಿದ್ದನ್ನು ಸೊಪ್ಪಿಗೆ ಸಿಂಪಡಿಸುವ ಅಭ್ಯಾಸವನ್ನು ಮಾತ್ರ ಬಿಡಲೇಬೇಕು. ಮೈಲುತುತ್ತಿನ ತಾಮ್ರ ಬಳ್ಳಿ ತರಕಾರಿಯ ಎಳೆ ಎಲೆಗಳನ್ನು ಸುಡುತ್ತದೆ, ಮಣ್ಣಿನಲ್ಲಿ ಉಳಿಯುತ್ತದೆ, ಮತ್ತು ನಾವು ತಿನ್ನುವುದೇ ಎಲೆಯನ್ನು.

ಎಲೆಯಲ್ಲಿ ದೊಡ್ಡ ತೂತುಗಳಿದ್ದು ಪಕ್ಕದಲ್ಲಿ ಹೊಳೆಯುವ ಲೋಳೆಗೆರೆ ಇದ್ದರೆ ಆಫ್ರಿಕನ್ ಬಸವನಹುಳು ಬಂದಿದೆ. ಒದ್ದೆ ಗೋಣಿಯ ಕೆಳಗೆ ಪಪ್ಪಾಯಿ ಎಲೆ ಇಟ್ಟರೆ ಬೆಳಗಿನ ಹೊತ್ತಿಗೆ ಅಲ್ಲಿ ಸೇರುತ್ತವೆ. ಹೆಕ್ಕಿ ಉಪ್ಪುನೀರಿನ ಬಾಲ್ದಿಗೆ ಹಾಕಬೇಕು. ನೆಲಕ್ಕೆ ಉಪ್ಪು ಎರಚಬಾರದು. ಈ ಹುಳುಗಳಲ್ಲಿ ಮನುಷ್ಯನ ಮೆದುಳಿಗೆ ತೊಂದರೆ ಕೊಡುವ ಪರಾವಲಂಬಿ ಇರಬಹುದಾದ್ದರಿಂದ ಬರಿಗೈಯಲ್ಲಿ ಮುಟ್ಟದೆ ಕೈಗವಸು ಬಳಸಿ, ಸೊಪ್ಪನ್ನು ಎಲೆಯೆಲೆಯಾಗಿ ತೊಳೆದು ಬೇಯಿಸಿ ತಿನ್ನಬೇಕು. ಅಂಗಡಿಯಲ್ಲಿ ಸಿಗುವ ಬಸವನಹುಳುವಿನ ವಿಷದ ಉಂಡೆಗಳು ನಾಯಿ, ಬೆಕ್ಕುಗಳಿಗೆ ಮಾರಕ.

ಗೊಬ್ಬರದಲ್ಲಿ ಸಿಗುವ ಹೆಬ್ಬೆರಳು ಗಾತ್ರದ ಬಿಳಿ ಹುಳುಗಳು ಹೆಚ್ಚಾಗಿ ತೆಂಗಿನ ಕುರುವಾಯಿ ದುಂಬಿಯ ಮರಿಗಳು. ಅವು ತರಕಾರಿಯ ಬೇರನ್ನು ತಿನ್ನುವುದಿಲ್ಲ, ಆದರೆ ತೆಂಗಿನ ಸುಳಿಗೆ ಶತ್ರುವಾದ್ದರಿಂದ ಹೆಕ್ಕಿ ಕೋಳಿಗೆ ಹಾಕುವುದು ಉಚಿತ.

ಕೆಲಸ ಮಾಡುವಾಗಿನ ಎಚ್ಚರ

ಮಳೆಗಾಲದಲ್ಲಿ ಇಲಿಜ್ವರ ನಮ್ಮ ಎರಡೂ ಜಿಲ್ಲೆಗಳಲ್ಲಿ ಕಾಣಿಸಿಕೊಳ್ಳುವ ಕಾಯಿಲೆ. ಕಾಲಿನಲ್ಲಿ ಗಾಯವಿದ್ದಾಗ ಕೆಸರಿಗೆ ಇಳಿಯಬೇಡಿರಿ, ಗಂಬೂಟು ಹಾಕಿರಿ. ಕೆಸರಿನಲ್ಲಿ ಕೆಲಸ ಮಾಡಿದ ಬಳಿಕದ ದಿನಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರಿಗೆ ತೋಟದ ಕೆಲಸದ ವಿಷಯವನ್ನು ತಪ್ಪದೆ ಹೇಳಿರಿ. ಚಟ್ಟಿಯಡಿಯ ತಟ್ಟೆಗಳಲ್ಲಿ ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಹುಟ್ಟುತ್ತದೆ. ವಾರಕ್ಕೊಮ್ಮೆಯಾದರೂ ಬರಿದು ಮಾಡಿ ಉಜ್ಜಬೇಕು. ತರಗೆಲೆಯ ರಾಶಿಗೆ ಕೋಲು ತಾಗಿಸದೆ ಕೈ ಹಾಕಬಾರದು, ಅಲ್ಲಿ ಹಾವು ಇರಬಹುದು. ಒದ್ದೆಯಾದ ಮಣ್ಣು ಒಂದು ಘನ ಮೀಟರಿಗೆ ಒಂದೂವರೆ ಟನ್ನಿಗೂ ಹೆಚ್ಚು ತೂಗುವುದರಿಂದ, ತಾರಸಿಯ ಚಟ್ಟಿಗಳನ್ನು ನಡುವೆ ರಾಶಿ ಹಾಕದೆ ತೊಲೆ, ಗೋಡೆಗಳ ನೇರಕ್ಕೆ ಹಂಚಿ ಇಡಬೇಕು. ಕೆಳಗಿನ ಕೋಣೆಯ ಮಾಡಿನಲ್ಲಿ ನೀರಿನ ಕಲೆ ಅಥವಾ ಬಿರುಕು ಕಂಡರೆ ಚಟ್ಟಿಗಳನ್ನು ತೆಗೆದು ಇಂಜಿನಿಯರರಿಂದ ಪರೀಕ್ಷೆ ಮಾಡಿಸಿರಿ.

ಎಲ್ಲಿ ನಿಲ್ಲಿಸಿ ಸಹಾಯ ಕೇಳಬೇಕು

ಒಂದೇ ವಾರದಲ್ಲಿ ಸಾಲಿನ ಕಾಲುಭಾಗದಷ್ಟು ಗಿಡ ಬಾಡಿದರೆ, ನೀರಿನ ದಾರಿ ಸರಿಪಡಿಸಿ ಗೊಬ್ಬರ ಕೊಟ್ಟ ಮೂರು ವಾರಗಳ ಬಳಿಕವೂ ಹೊಸ ಎಲೆ ಹಳದಿಯಾಗಿಯೇ ಬಂದರೆ, ಅಥವಾ ಎರಡು ಬೇರೆ ಬೇರೆ ಜಾತಿಯ ಬೆಳೆಗಳಲ್ಲಿ ಒಂದೇ ಲಕ್ಷಣ ಒಟ್ಟಿಗೆ ಕಂಡರೆ, ಮನೆಯ ಪ್ರಯೋಗಗಳನ್ನು ಅಲ್ಲಿಗೇ ನಿಲ್ಲಿಸುವುದು ಉಚಿತ. ಉಡುಪಿ ಜಿಲ್ಲೆಯವರಿಗೆ ಬ್ರಹ್ಮಾವರದಲ್ಲಿ, ದಕ್ಷಿಣ ಕನ್ನಡದವರಿಗೆ ಮಂಗಳೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ತಾಲ್ಲೂಕಿನ ತೋಟಗಾರಿಕಾ ಇಲಾಖೆಯ ಕಚೇರಿಯಲ್ಲೂ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೂ ವಿಚಾರಿಸಬಹುದು.

ಬರಿಯ ಒಂದು ಬಾಡಿದ ಎಲೆ ಹಿಡಿದುಕೊಂಡು ಹೋದರೆ ತಜ್ಞರಿಗೂ ಕಾರಣ ಹೇಳಲಾಗದು. ಪೂರ್ತಿ ಸಾಯದ, ಲಕ್ಷಣ ಈಗಷ್ಟೇ ಆರಂಭವಾದ ಗಿಡವೊಂದನ್ನು ಬೇರುಸಹಿತ ಕಿತ್ತು, ಬೇರನ್ನು ಒದ್ದೆ ಕಾಗದದಲ್ಲಿ ಸುತ್ತಿ, ಎಲೆಯ ಭಾಗವನ್ನು ಒಣ ಕಾಗದದಲ್ಲಿ ಇಟ್ಟು ಅದೇ ದಿನ ಒಯ್ಯಿರಿ. ಮಣ್ಣು ಪರೀಕ್ಷೆಗಾದರೆ ಮೇಲಿನ ಕಸ ಸರಿಸಿ, ಏಳೆಂಟು ಜಾಗಗಳಲ್ಲಿ ಅರ್ಧ ಅಡಿ ಆಳದವರೆಗೆ ತೆಗೆದ ಮಣ್ಣನ್ನು ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೊದಷ್ಟನ್ನು ಬಟ್ಟೆ ಚೀಲದಲ್ಲಿ ಹಾಕಿರಿ. ಈಚೆಗೆ ಸುಣ್ಣ, ಬೂದಿ ಅಥವಾ ಗೊಬ್ಬರ ಹಾಕಿದ ಜಾಗದಿಂದ ತೆಗೆಯಬಾರದು. ಜೊತೆಗೆ ಒಂದು ಚೀಟಿಯಲ್ಲಿ ಬೆಳೆಯ ಹೆಸರು, ನೆಟ್ಟ ತಿಂಗಳು, ಅದೇ ಜಾಗದಲ್ಲಿ ಹಿಂದೆ ಇದ್ದ ಬೆಳೆ, ನೀರಿನ ಮೂಲ, ಇದುವರೆಗೆ ಹಾಕಿದ ಗೊಬ್ಬರ ಮತ್ತು ಸಿಂಪಡಣೆಗಳನ್ನು ಬರೆದಿಡಿರಿ.